ರೇಸ್ ಮುಗಿದ ರಾತ್ರಿ ಮರಳುವ ದಾರಿ: ವಿದೇಶದಲ್ಲಿ ರೂಮ್ ಆರಿಸುವ ಕ್ರಮ

ವಿದೇಶದ ದೊಡ್ಡ ಕಾರು, ಬೈಕ್ ರೇಸ್ ನೋಡಲು ಹೊರಡುವ ನಮ್ಮ ಕಡೆಯವರು ಮೊದಲು ಟಿಕೆಟ್ ಹುಡುಕುತ್ತಾರೆ, ಆಮೇಲೆ ವಿಮಾನ, ಉಳಿದ ದುಡ್ಡಿನಲ್ಲಿ ರೂಮ್. ಹುಬ್ಬಳ್ಳಿ-ಧಾರವಾಡದಿಂದ ಹೋಗಿ ಬರುವ ನಮ್ಮ ಗುಂಪು ಈ ಕ್ರಮವನ್ನು ತಿರುವಿ ಹಾಕಿದೆ. ರದ್ದು ಮಾಡಲು ಬರುವಂಥ ರೂಮ್ ಮೊದಲು, ಟಿಕೆಟ್ ಎರಡನೆಯದು, ವಿಮಾನ ಮೂರನೆಯದು, ವೀಸಾ ಕೊನೆಗೆ. ಗ್ರ್ಯಾಂಡ್‌ಸ್ಟ್ಯಾಂಡ್ (ಟ್ರ್ಯಾಕ್ ಪಕ್ಕದ ಗ್ಯಾಲರಿ) ಸೀಟುಗಳು ಹಂತ ಹಂತವಾಗಿ ಮಾರಾಟಕ್ಕೆ ಬರುತ್ತವೆ. ವಿಮಾನ ಈ ದಿನ ಇಲ್ಲದಿದ್ದರೆ ಮರುದಿನ ಸಿಗುತ್ತದೆ. ಆದರೆ ಸರಿಯಾದ ರೈಲು ಮಾರ್ಗದ ಮೇಲಿರುವ, ನಮ್ಮ ಕೈಗೆಟಕುವ ರೂಮ್‌ಗಳು ರೇಸ್ ದಿನಾಂಕ ಗೊತ್ತಾದ ಕೆಲವೇ ವಾರಗಳಲ್ಲಿ ಮುಗಿಯುತ್ತವೆ. ಆಮೇಲೆ ಉಳಿಯುವುದು ಒಂದೋ ಲಕ್ಷದ ರೂಮ್, ಇಲ್ಲವೇ ಊರಾಚೆಯ ರೂಮ್.

ನಕಾಶೆಯಲ್ಲಿ ಟ್ರ್ಯಾಕ್‌ಗೆ ಎಷ್ಟು ಹತ್ತಿರ ಎಂದು ಅಳೆದು ರೂಮ್ ಆರಿಸುವುದು ಎಲ್ಲರೂ ಹಿಡಿಯುವ ದಾರಿ. ಅದು ಅರ್ಧ ಮಾತ್ರ ಸರಿ. ಹೋಗುವಾಗ ಜನ ಬೆಳಿಗ್ಗೆಯಿಂದ ಸಂಜೆಯವರೆಗೆ ಚದುರಿ ಬರುತ್ತಾರೆ, ಹಾಗಾಗಿ ಎಲ್ಲಿಂದ ಬಂದರೂ ತ್ರಾಸಿಲ್ಲ. ಹೊರಡುವಾಗ ಎಲ್ಲರೂ ಒಂದೇ ಗಂಟೆಯಲ್ಲಿ ಹೊರಡುತ್ತಾರೆ. ಸಿದ್ಧಾರೂಢ ಮಠದ ತೇರು ಎಳೆದ ಸಂಜೆ ಹಳೇ ಹುಬ್ಬಳ್ಳಿಯಿಂದ ಆಟೋ ಹಿಡಿಯಲು ನಿಂತವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ: ಅಂಥ ಹೊತ್ತಿನಲ್ಲಿ ಎರಡು ಕಿಲೋಮೀಟರ್ ನಡೆದು ಮನೆ ಮುಟ್ಟುವವನು, ಅರ್ಧ ಕಿಲೋಮೀಟರ್ ಆಚೆ ವಾಹನಕ್ಕೆ ಕಾಯುವವನಿಗಿಂತ ಬೇಗ ಮಲಗಿರುತ್ತಾನೆ. ಆದ್ದರಿಂದ ನಾವು ಹಾಕಿಕೊಳ್ಳುವ ಪ್ರಶ್ನೆ ಒಂದೇ. ರೇಸ್ ಮುಗಿದ ಮೇಲೆ ನಮ್ಮ ಗೇಟಿನಿಂದ ಈ ಹಾಸಿಗೆಗೆ, ಟ್ಯಾಕ್ಸಿಯ ಹಂಗಿಲ್ಲದೆ, ಹೇಗೆ ಬರುವುದು?

ಹುಬ್ಬಳ್ಳಿಯವರಿಗೆ ಮೊದಲ ವಿದೇಶಿ ರೇಸ್ ಆಗಿ ಸಿಂಗಪುರ ಚಲೋ. ಬೆಂಗಳೂರಿನಿಂದ ನೇರ ವಿಮಾನವಿದೆ, ನಾಲ್ಕೂವರೆ ತಾಸಿನ ಹಾರಾಟ. ಮರೀನಾ ಬೇ ಸ್ಟ್ರೀಟ್ ಸರ್ಕಿಟ್ ಊರ ನಡುವೆಯೇ ಇದೆ, ಸುತ್ತು ಸುಮಾರು 4.9 ಕಿಲೋಮೀಟರ್. 2008ರಲ್ಲಿ ಫಾರ್ಮುಲಾ ಒನ್‌ನ ಮೊದಲ ರಾತ್ರಿ ರೇಸ್ ನಡೆದದ್ದು ಇಲ್ಲೇ. ರೇಸ್ ಶುರುವಾಗುವುದು ಅಲ್ಲಿಯ ರಾತ್ರಿ 8ಕ್ಕೆ, ಮುಗಿಯುವುದು 10ರ ಸುಮಾರಿಗೆ. ಅದಾದ ಮೇಲೆ ಪದಾಂಗ್ ಮೈದಾನದಲ್ಲಿ ಸಂಗೀತ ಕಾರ್ಯಕ್ರಮ. ಎಂದರೆ ಮರಳುವ ಹೊತ್ತು ನಡುರಾತ್ರಿಯ ಆಸುಪಾಸು. ಟ್ರ್ಯಾಕ್ ಆಗಿ ಮಾರ್ಪಟ್ಟ ರಸ್ತೆಗಳು ರೇಸ್‌ಗೆ ಕೆಲವು ದಿನ ಮೊದಲಿನಿಂದಲೇ ಮುಚ್ಚಿರುತ್ತವೆ. ಟ್ಯಾಕ್ಸಿ ಒಳಗೆ ಬರುವುದಿಲ್ಲ. ಉಳಿದದ್ದು ಎರಡು: ಕಾಲು ಮತ್ತು ಎಂಆರ್‌ಟಿ, ಎಂದರೆ ಅಲ್ಲಿಯ ಮೆಟ್ರೊ ರೈಲು.

ಇಲ್ಲಿ ಮೊದಲ ಕೆಲಸ ಟಿಕೆಟಿನ ಜೋನ್ ಗುರುತಿಸುವುದು. ಸರ್ಕಿಟ್ ಆವರಣವನ್ನು ನಾಲ್ಕು ಜೋನ್ ಮಾಡಿದ್ದಾರೆ. ಪಿಟ್ ಕಟ್ಟಡ (ತಂಡಗಳು ಕಾರು ನೋಡಿಕೊಳ್ಳುವ ಜಾಗ) ಮತ್ತು ಆರಂಭದ ನೇರ ರಸ್ತೆ ಇರುವುದು ಜೋನ್ 1ರಲ್ಲಿ, ಅದಕ್ಕೆ ಹತ್ತಿರದ ನಿಲ್ದಾಣಗಳು ನಿಕೋಲ್ ಹೈವೇ ಮತ್ತು ಪ್ರೊಮೆನೇಡ್. ಪದಾಂಗ್ ಇರುವುದು ಜೋನ್ 4ರಲ್ಲಿ, ಅದಕ್ಕೆ ಸಿಟಿ ಹಾಲ್. ಜೋನ್ 4ರ ಟಿಕೆಟ್ ಹಿಡಿದವರು ಜೋನ್ 1ಕ್ಕೆ ಹೋಗಲಾಗದು. ಜೋನ್ 1ರ ಟಿಕೆಟ್ ಇದ್ದವರು ಎಲ್ಲೆಡೆ ತಿರುಗಬಹುದು. ಇವೆರಡು ತುದಿಗಳ ನಡುವೆ ಜನಜಂಗುಳಿಯಲ್ಲಿ, ಮೇಲ್ಸೇತುವೆಗಳನ್ನು ಹತ್ತಿ ಇಳಿದು ನಡೆಯಲು ಅರ್ಧ ಗಂಟೆಗಿಂತ ಹೆಚ್ಚು ಬೇಕು. ಆದ್ದರಿಂದ "ಸರ್ಕಿಟ್ ಹತ್ತಿರ" ಎಂದು ಹೋಟೆಲಿನ ಜಾಹೀರಾತು ಹೇಳಿದರೆ ಯಾವ ತುದಿಗೆ ಹತ್ತಿರ ಎಂದು ನೋಡಲೇಬೇಕು.

ಜೋನ್ ಗೊತ್ತಾದ ಮೇಲೆ ರೈಲಿನ ನಕಾಶೆ ತೆರೆದು, ನಮ್ಮ ನಿಲ್ದಾಣದಿಂದ ಗಾಡಿ ಬದಲಿಸದೆ ಹೋಗಬಹುದಾದ ಬಡಾವಣೆಗಳನ್ನಷ್ಟೇ ಉಳಿಸಿಕೊಳ್ಳುತ್ತೇವೆ. ಗಾಡಿ ಬದಲಿಸುವುದು ಹಗಲಿನಲ್ಲಿ ನಾಲ್ಕು ನಿಮಿಷದ ಕೆಲಸ. ಆ ರಾತ್ರಿ, ಮುಂದಿನ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ತುಂಬಿ ಹೋದ ಮೇಲೆ ಮೂರನೆಯದರಲ್ಲಿ ಜಾಗ ಸಿಗುವ ಕೆಲಸ.

ಈ ಲೆಕ್ಕದಲ್ಲಿ ನಮಗೆ ಲಿಟಲ್ ಇಂಡಿಯಾ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ನಮ್ಮ ಊಟ ಸಿಗುತ್ತದೆ ಎನ್ನುವುದು ಎರಡನೆಯ ಕಾರಣ, ಮೊದಲನೆಯದು ಅಲ್ಲಿ ಕೂಡುವ ಎರಡು ರೈಲು ಮಾರ್ಗಗಳು. ಡೌನ್‌ಟೌನ್ ಮಾರ್ಗದಲ್ಲಿ ಲಿಟಲ್ ಇಂಡಿಯಾ ಬಿಟ್ಟರೆ ರೋಚೋರ್, ಬುಗಿಸ್, ಮೂರನೆಯದೇ ಪ್ರೊಮೆನೇಡ್. ಜೋನ್ 1ರವರಿಗೆ ಗಾಡಿ ಬದಲಿಸುವ ಮಾತೇ ಇಲ್ಲ. ನಾರ್ತ್ ಈಸ್ಟ್ ಮಾರ್ಗದಲ್ಲಿ ಫ್ಯಾರರ್ ಪಾರ್ಕ್, ಲಿಟಲ್ ಇಂಡಿಯಾ, ಧೋಬಿ ಘಾಟ್, ಕ್ಲಾರ್ಕ್ ಕೀ ಸಾಲಾಗಿ ಬರುತ್ತವೆ. ಪದಾಂಗ್‌ನಲ್ಲಿ ಕೂತವರಿಗೆ ಇದು ದೊಡ್ಡ ಅನುಕೂಲ. ಸಂಗೀತ ಮುಗಿದಾಗ ಸಾವಿರಾರು ಜನ ಸಿಟಿ ಹಾಲ್ ನಿಲ್ದಾಣದ ಕಡೆಗೇ ನುಗ್ಗುತ್ತಾರೆ, ಅಲ್ಲಿ ಜನರನ್ನು ತಡೆದು ತಡೆದು ಒಳಗೆ ಬಿಡುತ್ತಾರೆ. ಆ ಗದ್ದಲಕ್ಕೆ ಬೆನ್ನು ಮಾಡಿ ಕ್ಲಾರ್ಕ್ ಕೀ ಕಡೆಗೆ ಸುಮಾರು ಒಂದು ಕಿಲೋಮೀಟರ್ ನಡೆದರೆ ಅಷ್ಟೊಂದು ಪಾಳಿ ಇರುವುದಿಲ್ಲ, ಎರಡೇ ನಿಲ್ದಾಣ ದಾಟಿ ಲಿಟಲ್ ಇಂಡಿಯಾದಲ್ಲಿ ಇಳಿಯಬಹುದು. ರೂಮ್ ಸೆರಂಗೂನ್ ರಸ್ತೆಯ ಮುಸ್ತಫಾ ಸೆಂಟರ್ ಕಡೆಗಿದ್ದರೆ ಮೂರನೆಯ ನಿಲ್ದಾಣ ಫ್ಯಾರರ್ ಪಾರ್ಕ್.

ರೇಸ್ ವಾರಾಂತ್ಯದಲ್ಲಿ ರೈಲುಗಳು ಮಾಮೂಲಿಗಿಂತ ತಡವಾಗಿ ಓಡುತ್ತವೆ. ಎಷ್ಟು ಹೊತ್ತಿನವರೆಗೆ ಎಂಬ ಪಟ್ಟಿ ರೇಸ್ ಹತ್ತಿರ ಬಂದಾಗ ಪ್ರಕಟವಾಗುತ್ತದೆ, ಮಾರ್ಗದಿಂದ ಮಾರ್ಗಕ್ಕೆ ಸಮಯವೂ ಬೇರೆ. ಆ ಪಟ್ಟಿಯ ಫೋಟೋ ಫೋನಿನಲ್ಲಿರಲಿ. ಗೇಟಿನಲ್ಲಿ ಕಾರ್ಡ್ ತಟ್ಟಿ ಒಳಹೋಗುವ ವ್ಯವಸ್ಥೆ ಇದೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಕಾಂಟ್ಯಾಕ್ಟ್‌ಲೆಸ್ ಕಾರ್ಡಾದರೆ ಸಾಕು, ಆದರೆ ಒಬ್ಬೊಬ್ಬರಿಗೂ ಒಂದೊಂದು ಬೇಕು. ಒಂದೇ ಕಾರ್ಡಿನಲ್ಲಿ ನಾಲ್ವರು ಹೋಗಲು ಬರುವುದಿಲ್ಲ. ಕಾರ್ಡ್ ಇಲ್ಲದವರಿಗೆ ಬಂದ ದಿನವೇ ಇಝೀ-ಲಿಂಕ್ ಕಾರ್ಡ್ ಕೊಂಡು ದುಡ್ಡು ತುಂಬಿಸಿಡುವುದು ಒಳ್ಳೆಯದು.

ಲಿಟಲ್ ಇಂಡಿಯಾದಲ್ಲಿ ಸಿಗದಿದ್ದರೆ ಮುಂದಿನ ಆಯ್ಕೆ ಲ್ಯಾವೆಂಡರ್ ಮತ್ತು ಬುಗಿಸ್. ಈಸ್ಟ್ ವೆಸ್ಟ್ ಮಾರ್ಗದಲ್ಲಿ ಲ್ಯಾವೆಂಡರ್ ಆದ ಮೇಲೆ ಬುಗಿಸ್, ಅದಾದ ಮೇಲೆ ಸಿಟಿ ಹಾಲ್. ವಿ ಹೋಟೆಲ್ ಲ್ಯಾವೆಂಡರ್ ನಿಲ್ದಾಣದ ತಲೆಯ ಮೇಲೇ ಇದೆ. ಬುಗಿಸ್ ಮತ್ತು ಬೆಂಕೂಲೆನ್ ರಸ್ತೆಯ ಹೋಟೆಲುಗಳಿಂದ ಪದಾಂಗ್‌ಗೆ ನಡೆದೇ ಹೋಗಬಹುದು. ರೈಲು ಕೈಕೊಟ್ಟರೂ ಮರಳುವ ದಾರಿ ಇರುತ್ತದೆ ಎಂಬ ಕಾರಣಕ್ಕೆ ಈ ರೂಮ್‌ಗಳ ದರ ಸ್ವಲ್ಪ ಹೆಚ್ಚಿದ್ದರೂ ಕೊಡಬಹುದು. ಗೇಲಾಂಗ್ ಇನ್ನೂ ಅಗ್ಗ. ಅಲ್ಜುನೀದ್ ನಿಲ್ದಾಣದಿಂದ ಸಿಟಿ ಹಾಲ್ ನಾಲ್ಕನೆಯದು. ಆದರೆ ಅಲ್ಲಿಯ ಕೆಲವು ಓಣಿಗಳಲ್ಲಿ ವೇಶ್ಯಾವಾಟಿಕೆ ಬಹಿರಂಗವಾಗಿಯೇ ನಡೆಯುತ್ತದೆ, ಅದೂ ಹೆಚ್ಚಾಗಿ ಸಮಸಂಖ್ಯೆಯ ಲೋರೋಂಗ್‌ಗಳಲ್ಲಿ (ಓಣಿಗೆ ಅಲ್ಲಿಯ ಹೆಸರು). ಹೆಂಡತಿ ಮಕ್ಕಳ ಜೊತೆ ಹೋಗುವವರು ವಿಳಾಸದಲ್ಲಿ ಲೋರೋಂಗ್ ಸಂಖ್ಯೆ ನೋಡಿ ಬುಕ್ ಮಾಡುವುದು ಮೇಲು.

ಟ್ರ್ಯಾಕ್ ಕಾಣುವ ದೊಡ್ಡ ಹೋಟೆಲುಗಳ ಮಾತು ಬೇರೆ. ಪ್ಯಾನ್ ಪೆಸಿಫಿಕ್, ರಿಟ್ಜ್-ಕಾರ್ಲ್‌ಟನ್, ಸ್ವಿಸೋಟೆಲ್ ದಿ ಸ್ಟ್ಯಾಮ್‌ಫರ್ಡ್, ಫುಲರ್ಟನ್, ಇವೆಲ್ಲ ಸರ್ಕಿಟ್ಟಿಗೆ ಅಂಟಿಕೊಂಡೇ ಇವೆ. ಈ ಹೋಟೆಲುಗಳು ರೇಸ್ ವಾರದಲ್ಲಿ ಮೂರು-ನಾಲ್ಕು ರಾತ್ರಿ ಒಟ್ಟಿಗೆ ತೆಗೆದುಕೊಂಡರೆ ಮಾತ್ರ ಕೊಡುವುದು, ಪೂರ್ತಿ ಹಣ ಮುಂಗಡ ಕೇಳುವುದು ಸಾಮಾನ್ಯ. ಟ್ರ್ಯಾಕ್ ಕಾಣುವ ರೂಮ್ ಎಂದು ಬರೆದಿದ್ದರೂ ಯಾವ ತಿರುವು, ಎಷ್ಟನೆಯ ಮಹಡಿ ಎಂದು ಕೇಳದೆ ದುಡ್ಡು ಕಟ್ಟಬಾರದು. ಕೆಳಮಹಡಿಗಳಿಗೆ ಮರಗಳು, ಬೇಲಿ, ತಾತ್ಕಾಲಿಕ ಸ್ಟ್ಯಾಂಡ್‌ಗಳು ಅಡ್ಡ ಬರುತ್ತವೆ. ರೇಸ್ ನೋಡಲು ಬಂದವರಿಗೆ ಆ ದುಡ್ಡಿನಲ್ಲಿ ಒಳ್ಳೆಯ ಗ್ರ್ಯಾಂಡ್‌ಸ್ಟ್ಯಾಂಡ್ ಸೀಟೇ ಲೇಸು ಎಂಬುದು ನಮ್ಮ ಖಚಿತ ಅಭಿಪ್ರಾಯ.

ದುಡ್ಡು ಉಳಿಸಲು ಹೋಗಿ ಸಿಕ್ಕಿಬೀಳುವ ಎರಡು ದಾರಿಗಳಿವೆ. ಒಂದು, ಖಾಸಗಿ ಅಪಾರ್ಟ್‌ಮೆಂಟ್. ಸಿಂಗಪುರದಲ್ಲಿ ಖಾಸಗಿ ಮನೆಯನ್ನು ಸತತ ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಕಾನೂನುಬಾಹಿರ. ನಾಲ್ಕು ದಿನಕ್ಕೆ ಫ್ಲ್ಯಾಟ್ ಕೊಡುತ್ತೇವೆ ಎಂಬ ಜಾಹೀರಾತು ಕಂಡರೆ ಅದು ಪರವಾನಗಿ ಇರುವ ಸರ್ವಿಸ್ಡ್ ಅಪಾರ್ಟ್‌ಮೆಂಟೋ ಅಲ್ಲವೋ ಎಂದು ಖಾತರಿ ಮಾಡಿಕೊಳ್ಳಬೇಕು. ಅಲ್ಲದಿದ್ದರೆ ಕಾವಲುಗಾರ ಗೇಟಿನಲ್ಲೇ ತಡೆಯಬಹುದು, ಆ ರಾತ್ರಿ ಬೇರೆ ರೂಮ್ ಊರಲ್ಲೆಲ್ಲೂ ಇರುವುದಿಲ್ಲ. ಇನ್ನೊಂದು, ಗಡಿಯಾಚೆ ಮಲೇಷ್ಯಾದ ಜೋಹೋರ್ ಬಾರುವಿನಲ್ಲಿ ಉಳಿಯುವುದು. ದರ ನೋಡಿದರೆ ಆಸೆ ಹುಟ್ಟುವುದು ನಿಜ. ಆದರೆ ದಿನಕ್ಕೆರಡು ಸಲ ಎರಡು ದೇಶಗಳ ಇಮಿಗ್ರೇಷನ್ ದಾಟಬೇಕು, ವಾರಾಂತ್ಯದಲ್ಲಿ ಆ ಸೇತುವೆಯ ಮೇಲೆ ವಾಹನಗಳು ತಾಸುಗಟ್ಟಲೆ ನಿಲ್ಲುತ್ತವೆ, ಪ್ರತಿ ಪ್ರವೇಶಕ್ಕೂ ಸಿಂಗಪುರದ ಆಗಮನ ಕಾರ್ಡ್ ಹೊಸದಾಗಿ ತುಂಬಬೇಕು, ವೀಸಾ ಹಲವು ಪ್ರವೇಶದ್ದಾಗಿರಬೇಕು. ನಡುರಾತ್ರಿ ಮೂರು ದಿನ ಹೀಗೆ ಮಾಡಿದವರಿಗೆ ಭಾನುವಾರದ ಹೊತ್ತಿಗೆ ರೇಸ್ ನೋಡುವ ತ್ರಾಣವೇ ಉಳಿದಿರುವುದಿಲ್ಲ.

ದರದ ಲೆಕ್ಕ ಈಗ. ರೇಸ್ ವಾರದಲ್ಲಿ ರೂಮ್ ದರ ಏರಲು ಬೇಡಿಕೆ ಮುಖ್ಯ ಕಾರಣ, ಅದರ ಜೊತೆ ಒಂದು ತೆರಿಗೆಯೂ ಇದೆ. ರೇಸ್ ಶುರುವಾದಾಗ ಅಲ್ಲಿಯ ಸರ್ಕಾರ ಆ ದಿನಗಳ ರೂಮ್ ಆದಾಯದ ಮೇಲೆ ಹೋಟೆಲುಗಳಿಗೆ ವಿಶೇಷ ಕರ ಹಾಕಿತು: ಟ್ರ್ಯಾಕ್ ಪಕ್ಕದವಕ್ಕೆ ಶೇ. 30, ಉಳಿದವಕ್ಕೆ ಶೇ. 20. ಅದು ನಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ, ದರದೊಳಗೇ ಅಡಗಿರುತ್ತದೆ. ಬಿಲ್ಲಿನಲ್ಲಿ ಕಾಣುವುದು ಬೇರೆ. ದರದ ಮುಂದೆ ಎರಡು ಪ್ಲಸ್ ಚಿಹ್ನೆ ಇದ್ದರೆ ಶೇ. 10 ಸೇವಾ ಶುಲ್ಕ, ಅದರ ಮೇಲೆ ಶೇ. 9 ಜಿಎಸ್‌ಟಿ. 300 ಸಿಂಗಪುರ ಡಾಲರ್ ಎಂದು ಕಂಡ ರೂಮ್ 330 ಆಗಿ, ಆಮೇಲೆ 359.70 ಆಗುತ್ತದೆ. ನಮ್ಮ ಬ್ಯಾಂಕಿನ ಕಾರ್ಡ್ ವಿದೇಶಿ ವಹಿವಾಟಿಗೆ ಶೇ. 3.5 ಹೆಚ್ಚುವರಿ ಹಾಕುವಂಥದ್ದಾದರೆ, ಆ ಶುಲ್ಕದ ಮೇಲೆ ನಮ್ಮ ಶೇ. 18 ಜಿಎಸ್‌ಟಿ ಸೇರಿ ಒಟ್ಟು ಸುಮಾರು 375 ಡಾಲರ್. ಕಂಡದ್ದಕ್ಕಿಂತ ಕಾಲು ಭಾಗ ಹೆಚ್ಚು. ಎರಡು ಹೋಟೆಲುಗಳನ್ನು ಹೋಲಿಸುವಾಗ ಈ ಕೊನೆಯ ಅಂಕಿಯನ್ನೇ ಹೋಲಿಸಬೇಕು. ಕೆಲವು ತಾಣಗಳು ತೆರಿಗೆ ಸೇರಿಸಿ ತೋರಿಸುತ್ತವೆ, ಕೆಲವು ಕೊನೆಯ ಪುಟದವರೆಗೆ ಮುಚ್ಚಿಡುತ್ತವೆ. ಪಾವತಿಯ ಹೊತ್ತಿಗೆ ರೂಪಾಯಿಯಲ್ಲೋ ಡಾಲರಿನಲ್ಲೋ ಎಂದು ಕೇಳಿದರೆ ಸಿಂಗಪುರ ಡಾಲರ್ ಎಂದೇ ಒತ್ತಬೇಕು. ರೂಪಾಯಿ ಒತ್ತಿದರೆ ಅಲ್ಲಿಯವರು ತಮ್ಮದೇ ವಿನಿಮಯ ದರ ಹಾಕುತ್ತಾರೆ, ಅದು ಬಹುತೇಕ ನಮಗೆ ನಷ್ಟದ್ದೇ.

ಬುಕಿಂಗ್ ಮಾಡುವಾಗ ನಾವು ಎರಡು ಸಲ ಕೊಳ್ಳುತ್ತೇವೆ. ಮುಂದಿನ ವರ್ಷದ ಕ್ಯಾಲೆಂಡರ್ ಸಾಮಾನ್ಯವಾಗಿ ಹಿಂದಿನ ವರ್ಷದ ನಡುಭಾಗದಲ್ಲಿ ಬರುತ್ತದೆ. ಹೆಚ್ಚಿನ ಹೋಟೆಲುಗಳು ಸುಮಾರು ಒಂದು ವರ್ಷ ಮುಂಚೆ ಬುಕಿಂಗ್ ತೆರೆಯುತ್ತವೆ. ತೆರೆದ ಕೂಡಲೇ ಉಚಿತವಾಗಿ ರದ್ದು ಮಾಡಲು ಬರುವ ಒಂದು ರೂಮ್ ಹಿಡಿದಿಟ್ಟು, ಟಿಕೆಟಿನ ಜೋನ್ ಖಚಿತವಾದ ಮೇಲೆ ಅದಕ್ಕೆ ಒಪ್ಪುವ ರೂಮ್ ಹುಡುಕಿ, ಸಿಕ್ಕರೆ ಮೊದಲನೆಯದನ್ನು ಬಿಡುತ್ತೇವೆ. ಬಿಡುವ ಕೊನೆಯ ಗಡುವು ಹೋಟೆಲ್ ಇರುವ ಊರಿನ ಗಡಿಯಾರದ್ದು. ಸಿಂಗಪುರದ ನಡುರಾತ್ರಿ ಹುಬ್ಬಳ್ಳಿಯ ರಾತ್ರಿ 9.30. ಅಲ್ಲಿಯ ಸಂಜೆ 6 ಇಲ್ಲಿಯ ಮಧ್ಯಾಹ್ನ 3.30. ಊಟ ಮುಗಿಸಿ ಹತ್ತು ಗಂಟೆಗೆ ರದ್ದು ಮಾಡಿದರಾಯಿತು ಎಂದು ಕೂತರೆ ಒಂದು ರಾತ್ರಿಯ ಬಾಡಿಗೆ, ಕೆಲವೊಮ್ಮೆ ಪೂರ್ತಿ ಬಾಡಿಗೆ, ಹೋಗುತ್ತದೆ. ಇನ್ನೊಂದು ಅಂಶ: ಸಿಂಗಪುರದ ವೀಸಾ ಅರ್ಜಿ ಹಾಕುವುದು ಪ್ರಯಾಣ ಹತ್ತಿರ ಬಂದಾಗ. ರದ್ದತಿಯ ಗಡುವು ಅದರ ಉತ್ತರ ಬರುವ ದಿನದ ನಂತರ ಇರಬೇಕು.

ಕೈಯಲ್ಲಿ ದೃಢೀಕರಣ ಇದ್ದೂ ರೂಮ್ ತಪ್ಪುವುದಕ್ಕೆ ಮೂರು ಕಾರಣಗಳನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಬುಕ್ ಮಾಡಿದ ಕಾರ್ಡಿನ ಅವಧಿ ಮುಗಿದು ಬ್ಯಾಂಕ್ ಹೊಸ ಸಂಖ್ಯೆಯ ಕಾರ್ಡ್ ಕಳಿಸಿರುತ್ತದೆ, ಹೋಟೆಲು ಹಳೆಯದರ ಮೇಲೆ ಹಣ ತಡೆಹಿಡಿಯಲು ಹೋಗಿ ವಿಫಲವಾಗಿ ಬುಕಿಂಗ್ ತೆಗೆದುಹಾಕುತ್ತದೆ. ಅಥವಾ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಬಂದ್ ಆಗಿರುತ್ತದೆ. ನಮ್ಮಲ್ಲಿ ಅದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು, ರೇಸ್‌ಗೆ ಹಲವು ವಾರ ಮುಂಚೆಯೂ ಹೋಟೆಲು ಕಾರ್ಡ್ ಪರೀಕ್ಷಿಸಬಹುದಾದ್ದರಿಂದ ಬುಕ್ ಮಾಡಿದ ದಿನದಿಂದ ಮರಳುವ ದಿನದವರೆಗೂ ಆನ್ ಇರಬೇಕು. ಮೂರನೆಯದು ನಮ್ಮ ಕೈಮೀರಿದ್ದು: ರೇಸ್ ದಿನಾಂಕ ಗೊತ್ತಾಗುವ ಮುಂಚೆ ಮಾಮೂಲಿ ದರಕ್ಕೆ ಹೋದ ರೂಮನ್ನು ಹೋಟೆಲಿನವರು ದರ ತಪ್ಪಾಗಿತ್ತು ಎಂದೋ, ದುರಸ್ತಿ ಇದೆ ಎಂದೋ ವಾಪಸ್ ಪಡೆಯುವುದು. ಇದಕ್ಕೆ ಪೂರ್ತಿ ಮದ್ದಿಲ್ಲ. ಬುಕ್ ಮಾಡಿದ ವಾರದೊಳಗೆ ಹೋಟೆಲಿಗೇ ನೇರ ಇಮೇಲ್ ಬರೆದು, ಮಧ್ಯವರ್ತಿ ತಾಣದ ಸಂಖ್ಯೆ ಬಿಟ್ಟು ಹೋಟೆಲಿನದೇ ದೃಢೀಕರಣ ಸಂಖ್ಯೆ, ರೂಮಿನ ಬಗೆ, ಒಟ್ಟು ದರ ಎಲ್ಲವನ್ನೂ ಬರಹದಲ್ಲಿ ತರಿಸಿಕೊಳ್ಳುವುದು. ಎರಡು ತಿಂಗಳು ಮುಂಚೆ ಇನ್ನೊಮ್ಮೆ ಬರೆಯುವುದು. ರದ್ದಾಗುವುದೇ ಆದರೆ ಆಗ ಗೊತ್ತಾಗಲಿ, ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲಲ್ಲ.

ಹುಬ್ಬಳ್ಳಿಯ ಏಜೆಂಟರಿಂದ ಪ್ಯಾಕೇಜ್ ಕೊಳ್ಳುವವರೂ ಇದ್ದಾರೆ. ವೀಸಾ, ವಿಮಾನದ ಓಡಾಟ ತಪ್ಪುವುದರಿಂದ ಅದರಲ್ಲಿ ತಪ್ಪೇನಿಲ್ಲ. ಆದರೆ "ನಾಲ್ಕು ಸ್ಟಾರ್ ಅಥವಾ ಸಮಾನ" ಎಂದು ಬರೆದುಕೊಟ್ಟರೆ ಒಪ್ಪಬಾರದು. ಹೋಟೆಲಿನ ಹೆಸರು, ಹತ್ತಿರದ ಎಂಆರ್‌ಟಿ ನಿಲ್ದಾಣ, ರದ್ದತಿಯ ಷರತ್ತು, ಈ ಮೂರನ್ನು ಬರಹದಲ್ಲಿ ಕೇಳಿ ಪಡೆಯಿರಿ.

ರೂಮಿನೊಳಗಿನ ವಿಚಾರ. ಸಿಂಗಪುರದ ಅಗ್ಗದ ರೂಮ್‌ಗಳು ಬಹಳ ಚಿಕ್ಕವು. ಹನ್ನೆರಡು ಚದರ ಮೀಟರಿನಲ್ಲಿ ಮಂಚ, ಬಚ್ಚಲು ಎರಡೂ ಮುಗಿದಿರುತ್ತವೆ. ಇಬ್ಬರ ರೂಮಿನಲ್ಲಿ ಮೂರನೆಯವನನ್ನು ನೆಲಕ್ಕೆ ಹಾಸಿ ಮಲಗಿಸುವ ನಮ್ಮೂರ ಲಾಡ್ಜಿನ ರೂಢಿ ಅಲ್ಲಿ ನಡೆಯದು. ಪ್ರತಿಯೊಬ್ಬರ ಪಾಸ್‌ಪೋರ್ಟ್ ದಾಖಲಾಗುತ್ತದೆ. ಮೂವರಿದ್ದರೆ ಮೂವರ ರೂಮ್ ಎಂದೇ ಹುಡುಕಬೇಕು, ಗೆಳೆಯರಿಬ್ಬರಾದರೆ ಡಬಲ್ (ಒಂದೇ ಮಂಚ) ಬೇಡ, ಟ್ವಿನ್ (ಎರಡು ಮಂಚ) ಎಂದು ಆರಿಸಬೇಕು. ಕಿಟಕಿ ಇಲ್ಲದ ರೂಮ್ ಎಂಬುದೊಂದು ಬಗೆ ಅಲ್ಲಿ ಸಾಮಾನ್ಯ, ದರವೂ ಕಡಿಮೆ. ರೇಸ್ ನೋಡಲು ಬಂದವರಿಗೆ ಅದು ಕೊರತೆಯಾಗುವ ಬದಲು ಅನುಕೂಲವೇ. ರಾತ್ರಿ ಒಂದಕ್ಕೆ ಬಂದು ಸ್ನಾನ ಮಾಡಿ ಮಲಗುವ ಹೊತ್ತಿಗೆ ಎರಡು ದಾಟಿರುತ್ತದೆ. ಬೆಳಿಗ್ಗೆ ಹತ್ತರವರೆಗೆ ಕತ್ತಲೆ ಬೇಕು. ಫಾರ್ಮುಲಾ ಒನ್ ತಂಡಗಳೇ ಸಿಂಗಪುರದಲ್ಲಿ ಯುರೋಪಿನ ಗಡಿಯಾರದಂತೆ ಬದುಕುತ್ತವೆ, ಮಧ್ಯಾಹ್ನ ಎದ್ದು ನಸುಕಿನಲ್ಲಿ ಮಲಗುತ್ತವೆ. ನೋಡಲು ಹೋದವರೂ ಹಾಗೇ ಮಾಡಿದರೆ ಮೈ ದಣಿಯುವುದಿಲ್ಲ. ಆದ್ದರಿಂದ ಬೆಳಗಿನ ಉಪಾಹಾರ ಸೇರಿದ ದರಕ್ಕೆ ಹೆಚ್ಚು ಕೊಡಬೇಡಿ, ಅದು ಮುಗಿಯುವ ಹೊತ್ತಿಗೆ ನೀವು ಎದ್ದಿರುವುದಿಲ್ಲ. ಆ ದುಡ್ಡಿಗೆ ಬಟ್ಟೆ ಒಗೆಯುವ ಯಂತ್ರವಿರುವ ಹೋಟೆಲ್ ನೋಡಿ. ರಾತ್ರಿಯಲ್ಲೂ ಅಲ್ಲಿ ಮೈಗೆ ಅಂಟುವ ಸೆಕೆ, ಒಂದು ಶರ್ಟ್ ಎರಡನೆಯ ದಿನಕ್ಕೆ ಬರುವುದಿಲ್ಲ.

ಸಸ್ಯಾಹಾರಿಗಳಿಗೆ ಸರ್ಕಿಟ್ಟಿನೊಳಗೆ ಆಯ್ಕೆ ಕಡಿಮೆ, ದರ ಹೆಚ್ಚು. ಲಿಟಲ್ ಇಂಡಿಯಾದಲ್ಲಿ ಉಳಿದರೆ ಮಧ್ಯಾಹ್ನ ಎರಡಕ್ಕೆ ಹೊಟ್ಟೆ ತುಂಬ ಉಂಡು ಹೊರಡಬಹುದು. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ನಡೆಯುತ್ತಿರುವ ಸಸ್ಯಾಹಾರಿ ಹೋಟೆಲು. ರಾತ್ರಿ ಮರಳಿದ ಮೇಲಿನ ಹಸಿವಿಗೆ ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇದೆಯೇ ಎಂದಷ್ಟೇ ನೋಡಿಕೊಳ್ಳಿ. ಗುಟಖಾ, ತಂಬಾಕು ಜಗಿಯುವ ರೂಢಿ ಇದ್ದವರು ಚೀಲದಲ್ಲಿ ಒಂದು ಚೀಟಿಯನ್ನೂ ಇಟ್ಟುಕೊಂಡು ಹೋಗಬಾರದು. ಜಗಿಯುವ ತಂಬಾಕು, ಇ-ಸಿಗರೇಟ್ ಎರಡೂ ಸಿಂಗಪುರದಲ್ಲಿ ನಿಷಿದ್ಧ, ದಂಡವೂ ದೊಡ್ಡದು.

ಎಷ್ಟು ರಾತ್ರಿ ಬುಕ್ ಮಾಡಬೇಕು ಎಂಬುದನ್ನು ವಿಮಾನದ ಗಂಟೆ ನಿರ್ಧರಿಸುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ರಾತ್ರಿ ಹೊರಟು ಬೆಳಗಿನ ಹೊತ್ತಿಗೆ ಇಳಿಯುವ ವಿಮಾನಗಳೇ ನಮಗೆ ಅನುಕೂಲ. ಧಾರವಾಡದ ವಂದೇ ಭಾರತ್ ಮಧ್ಯಾಹ್ನ ಹೊರಟು ರಾತ್ರಿ ಎಂಟರ ಸುಮಾರಿಗೆ ಬೆಂಗಳೂರು ಸೇರುತ್ತದೆ. ಯಶವಂತಪುರದಲ್ಲೇ ಇಳಿದರೆ ವಿಮಾನ ನಿಲ್ದಾಣದ ದಾರಿ ಹತ್ತಿರ. ಮೂರು ತಾಸು ಮುಂಚೆ ಇರಬೇಕಾದ್ದರಿಂದ ರಾತ್ರಿ ಒಂದರ ನಂತರದ ವಿಮಾನಕ್ಕೆ ಮಾತ್ರ ಈ ಗಾಡಿ ನಂಬಬಹುದು, ಹನ್ನೊಂದರ ವಿಮಾನಕ್ಕೆ ನಂಬಬೇಡಿ. ಬೆಳಿಗ್ಗೆ ಇಳಿದರೆ ರೂಮ್ ಕೈಗೆ ಸಿಗುವುದು ಮಧ್ಯಾಹ್ನ 2 ಅಥವಾ 3ಕ್ಕೆ. ಹೀಗಾಗಿ ಶುಕ್ರವಾರ ಬೆಳಿಗ್ಗೆ ಇಳಿದು ಅದೇ ಸಂಜೆ ಅಭ್ಯಾಸ ಓಟಕ್ಕೆ ಹೋಗುವ ಯೋಜನೆ ಮೈಗೆ ಭಾರ. ಗುರುವಾರ ಬೆಳಿಗ್ಗೆ ಇಳಿದು, ಚೀಲ ಹೋಟೆಲಿನಲ್ಲಿಟ್ಟು, ಗೇಟಿನಿಂದ ರೂಮಿನವರೆಗಿನ ದಾರಿಯನ್ನು ಒಮ್ಮೆ ನಡೆದು ನೋಡುವುದು ಒಳಿತು. ರಸ್ತೆ ಮುಚ್ಚಿದ ಮೇಲೆ ಫೋನಿನ ನಕಾಶೆ ತೋರಿಸುವ ದಾರಿ ಎಲ್ಲ ಕಡೆ ತೆರೆದಿರುವುದಿಲ್ಲ.

ಭಾನುವಾರ ರಾತ್ರಿಯ ರೂಮ್ ಬಿಡಬೇಡಿ. ರಾತ್ರಿ ಒಂದರ ವಿಮಾನ ಹಿಡಿದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ ಎಂಬ ಲೆಕ್ಕ ಅನೇಕರದು. ನಿಯಮದ ಪ್ರಕಾರ ರೇಸ್ ಗರಿಷ್ಠ ಎರಡು ತಾಸು, ಕೆಂಪು ಬಾವುಟ ಬಂದು ನಿಂತರೆ ಒಟ್ಟು ಮೂರು ತಾಸಿನವರೆಗೆ ಎಳೆಯಬಹುದು. ಮಳೆಯಿಂದ ಆರಂಭವೇ ತಡವಾಗಬಹುದು, 2022ರಲ್ಲಿ ಒಂದು ತಾಸಿಗೂ ಹೆಚ್ಚು ತಡವಾಯಿತು. ಸೋಮವಾರ ಮಧ್ಯಾಹ್ನ ಅಥವಾ ಸಂಜೆಯ ವಿಮಾನವೇ ಸರಿ.

ಮೋಟೋಜಿಪಿ ಬೈಕ್ ರೇಸ್ ಮೆಚ್ಚುವವರಿಗೆ ಮಲೇಷ್ಯಾದ ಸೆಪಾಂಗ್. ಭಾರತೀಯರಿಗೆ 2026ರ ಡಿಸೆಂಬರ್ 31ರವರೆಗೆ 30 ದಿನದ ಭೇಟಿಗೆ ವೀಸಾ ಬೇಕಿಲ್ಲ, ಡಿಜಿಟಲ್ ಆಗಮನ ಕಾರ್ಡ್ ತುಂಬಿದರೆ ಸಾಕು. ದರಗಳು ಸಿಂಗಪುರಕ್ಕಿಂತ ಬಹಳ ಕಡಿಮೆ. ಆದರೆ ಮರಳುವ ಪ್ರಶ್ನೆ ಇಲ್ಲಿ ಹೆಚ್ಚು ಕಠಿಣ. 1999ರಲ್ಲಿ ತೆರೆದ, 5.543 ಕಿಲೋಮೀಟರ್ ಸುತ್ತಿನ ಈ ಸರ್ಕಿಟ್ ಇರುವುದು ಕೌಲಾಲಂಪುರದಿಂದ ಸುಮಾರು 60 ಕಿಲೋಮೀಟರ್ ದೂರ, ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ನೆರೆಯಲ್ಲಿ. ಸರ್ಕಿಟ್ ಬಾಗಿಲಿಗೆ ರೈಲಿಲ್ಲ. ಬೆಳಿಗ್ಗೆ ಗ್ರ್ಯಾಬ್ ಟ್ಯಾಕ್ಸಿ ಸುಲಭವಾಗಿ ಸಿಗುತ್ತದೆ, ರೇಸ್ ಮುಗಿದ ಮೇಲೆ ಅದೇ ಟ್ಯಾಕ್ಸಿ ಒಳಗೆ ಬರಲಾರದು. ಸಾವಿರಾರು ಬೈಕು ಕಾರುಗಳು ಒಂದೇ ಸಮಯಕ್ಕೆ ಹೊರಗೆ ಸುರಿಯುತ್ತಿರುತ್ತವೆ.

ಇಲ್ಲಿ ನಮ್ಮ ಅಭಿಪ್ರಾಯದಲ್ಲಿ ವಾಸ್ತವ್ಯವನ್ನು ಎರಡು ತುಂಡು ಮಾಡುವುದು ಒಳ್ಳೆಯದು. ಮೊದಲ ರಾತ್ರಿಗಳು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ. ಅದು ಅಲ್ಲಿಯ ಲಿಟಲ್ ಇಂಡಿಯಾ, ಕೆಎಲ್ ಸೆಂಟ್ರಲ್ ನಿಲ್ದಾಣಕ್ಕೆ ನಡೆಯುವ ದೂರ. ಬಾಳೆಎಲೆ ಊಟಕ್ಕೆ ಕೊರತೆಯಿಲ್ಲ. ಶನಿವಾರ, ಭಾನುವಾರದ ರಾತ್ರಿ ವಿಮಾನ ನಿಲ್ದಾಣದ ಬಳಿ. ಟರ್ಮಿನಲ್ 1ಕ್ಕೆ ಸಾಮಾ-ಸಾಮಾ, ಟರ್ಮಿನಲ್ 2ಕ್ಕೆ ಟ್ಯೂನ್ ಹೋಟೆಲ್, ಎರಡಕ್ಕೂ ಟರ್ಮಿನಲಿನಿಂದ ನಡೆದೇ ಹೋಗಬಹುದು. ಸರ್ಕಿಟ್ಟಿನಿಂದ ದಾರಿ ಚಿಕ್ಕದು, ಸೋಮವಾರ ಬೆಳಗಿನ ವಿಮಾನಕ್ಕೆ ಓಡಬೇಕಿಲ್ಲ. ಇನ್ನೂ ಅಗ್ಗ ಬೇಕಾದವರಿಗೆ ಸಲಾಕ್ ತಿಂಗಿ, ಕೋಟಾ ವಾರಿಸಾನ್, ನೀಲಾಯಿಯ ಚಿಕ್ಕ ಹೋಟೆಲುಗಳಿವೆ. ಇವುಗಳಲ್ಲಿ ಸಲಾಕ್ ತಿಂಗಿಗೆ ಮಾತ್ರ ವಿಮಾನ ನಿಲ್ದಾಣದ ಕೆಎಲ್‌ಐಎ ಟ್ರಾನ್ಸಿಟ್ ರೈಲಿನ ನಿಲ್ದಾಣವಿದೆ. ಎಲ್ಲಿ ಉಳಿದರೂ ಭಾನುವಾರಕ್ಕೆ ರೇಸ್‌ನ ಬಸ್ ಸೇವೆ ಇದ್ದರೆ ಹೋಗುವ, ಬರುವ ಎರಡೂ ಟಿಕೆಟ್ ಮುಂಗಡ ಕೊಳ್ಳಿ, ಇಲ್ಲದಿದ್ದರೆ ದಿನಪೂರ್ತಿಗೆ ಚಾಲಕನನ್ನು ಗೊತ್ತುಮಾಡಿ ಅವನು ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ವಿದೇಶಿಯರು ರೂಮಿಗೆ ದಿನಕ್ಕೆ 10 ರಿಂಗಿಟ್ ಪ್ರವಾಸ ತೆರಿಗೆ ಬೇರೆಯಾಗಿ ಕೊಡಬೇಕು, ಅದನ್ನು ಕೌಂಟರಿನಲ್ಲೇ ಕೇಳುತ್ತಾರೆ. ರೇಸ್ ನಡೆಯುವ ಕಾಲದಲ್ಲಿ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ. ಗುಡ್ಡದ ಮೇಲಿನ ಬಯಲು ಟಿಕೆಟ್ ಕೊಂಡವರು ಎರಡನೆಯ ಜೊತೆ ಬೂಟು ಒಯ್ಯದಿದ್ದರೆ ಒದ್ದೆ ಬೂಟಿನಲ್ಲೇ ವಿಮಾನ ಹತ್ತಬೇಕು. ರೇಸ್ ಬರುವುದು ದೀಪಾವಳಿಯ ಆಸುಪಾಸಿಗೆ. ಆಗ ಬೆಂಗಳೂರಿನ ಬಸ್ಸು ರೈಲಿನ ಸೀಟು ಸಿಗುವುದೇ ಕಷ್ಟ, ಹುಬ್ಬಳ್ಳಿಯ ರೈಲು ಟಿಕೆಟನ್ನೂ ಬುಕಿಂಗ್ ತೆರೆದ ದಿನವೇ ಮಾಡಿಕೊಳ್ಳಿ.

ಮತ್ತೆ ಫಾರ್ಮುಲಾ ಒನ್‌ಗೆ ಬಂದರೆ ಅಬುಧಾಬಿ ಸುಲಭ. ಸರ್ಕಿಟ್ ಇರುವ ಯಾಸ್ ದ್ವೀಪದ ಹೋಟೆಲುಗಳು ದುಬಾರಿ, ಅಲ್ಲಿಂದ ನಡೆದು ಹೋಗಬಹುದು ಎಂಬುದೇ ಅವುಗಳ ಬೆಲೆ. ದುಬೈನಲ್ಲಿ ಬಂಧುಗಳಿದ್ದವರು ಅಲ್ಲೇ ಉಳಿಯಬಹುದು, ಒಂದು ತಾಸಿನ ಚೂರು ಮೇಲಿನ ದಾರಿ. ಆದರೆ ಕಾರು ಇದ್ದವರಿಗೆ ಮಾತ್ರ. ದುಬೈನ ಇಬ್ನ್ ಬತೂತಾ ನಿಲ್ದಾಣದಿಂದ ಹೊರಡುವ ಬಸ್ಸು ಹೋಗುವುದು ಅಬುಧಾಬಿ ಊರೊಳಗಿನ ಬಸ್ ನಿಲ್ದಾಣಕ್ಕೆ, ಯಾಸ್‌ಗಲ್ಲ.

ಮೊನಾಕೊಗೆ ಹೋಗುವವರು ಫ್ರಾನ್ಸಿನ ನೀಸ್‌ನಲ್ಲಿ ಉಳಿದು ಕರಾವಳಿಯ ರೈಲಿನಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ ಮುಟ್ಟುತ್ತಾರೆ. ಎಲ್ಲರೂ ಅದನ್ನೇ ಮಾಡುವುದರಿಂದ ಭಾನುವಾರ ಸಂಜೆ ನೀಸ್ ಕಡೆಯ ಪಾಳಿ ದೊಡ್ಡದು. ಅದೇ ರೈಲು ಮಾರ್ಗದಲ್ಲಿ ಎದುರು ದಿಕ್ಕಿಗೆ, ಇಟಲಿಯ ಗಡಿಯ ಕಡೆ ಇರುವ ಮಾಂತೋನಿನಲ್ಲಿ ರೂಮ್ ಹಿಡಿದರೆ ಜನ ಕಡಿಮೆ, ದಾರಿಯೂ ಚಿಕ್ಕದು. ಬೇಸಿಗೆಯಲ್ಲಿ ಅಲ್ಲಿಯ ನಡುರಾತ್ರಿ ನಮ್ಮ ಬೆಳಗಿನ ಜಾವ 3.30. ರದ್ದತಿಯ ಗಡುವಿನ ಲೆಕ್ಕ ಇಲ್ಲಿ ನಮಗೆ ಅನುಕೂಲಕರ. ಜಪಾನಿನ ಸುಝುಕಾಕ್ಕೆ ನಗೋಯಾದಲ್ಲಿ ಉಳಿದು ಕಿಂತೆತ್ಸು ರೈಲಿನಲ್ಲಿ ಶಿರೋಕೋ, ಅಲ್ಲಿಂದ ಬಸ್ಸು. 2024ರಿಂದ ಆ ರೇಸ್ ವಸಂತ ಋತುವಿಗೆ ಬಂದಿದೆ, ಚೆರ್ರಿ ಹೂವು ನೋಡುವವರೂ ಅದೇ ರೂಮ್‌ಗಳಿಗೆ ಪೈಪೋಟಿ.

ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್‌ನ ಟಿಟಿ ಬೈಕ್ ರೇಸ್‌ನಲ್ಲಿ ನಮ್ಮ ಕ್ರಮ ಬದಲಾಗುತ್ತದೆ. ಅದು ದ್ವೀಪ. ಹಡಗಿನಲ್ಲೋ ವಿಮಾನದಲ್ಲೋ ಜಾಗ ಮೊದಲು, ರೂಮ್ ಆಮೇಲೆ. ಹೋಟೆಲುಗಳು ಸಾಲದೆ ಸ್ಥಳೀಯರು ತಮ್ಮ ಮನೆಯ ಕೋಣೆಗಳನ್ನೇ ರೇಸ್ ಕಾಲಕ್ಕೆ ನೋಂದಾಯಿಸಿ ಕೊಡುವ ಹೋಮ್‌ಸ್ಟೇ ವ್ಯವಸ್ಥೆ ಅಲ್ಲಿದೆ, ಬೆಳಗಿನ ತಿಂಡಿಯ ಬಗ್ಗೆ ಮನೆಯವರನ್ನೇ ನೇರ ಕೇಳಬಹುದು. 60 ಕಿಲೋಮೀಟರಿಗೂ ಉದ್ದದ ಆ ಸುತ್ತು ಸಾರ್ವಜನಿಕ ರಸ್ತೆಯ ಮೇಲೆ ಹಾಯುತ್ತದೆ. ರಸ್ತೆ ಮುಚ್ಚಿದ ಮೇಲೆ ಸುತ್ತಿನ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ, ದಾಟಲು ಬರುವ ಜಾಗಗಳು ಬೆರಳೆಣಿಕೆಯವು. ಮನೆಯ ವಿಳಾಸ ಸಿಕ್ಕ ಕೂಡಲೇ ಸುತ್ತಿನ ನಕಾಶೆಯ ಮೇಲೆ ಗುರುತು ಹಾಕಿ, ನೀವು ಕೂರಬೇಕೆಂದಿರುವ ತಿರುವು ಅದೇ ಬದಿಗಿದೆಯೇ ನೋಡಿ. ಇಲ್ಲದಿದ್ದರೆ ಆ ದಿನದ ರಸ್ತೆ ಮುಚ್ಚುವ ಗಂಟೆಗಿಂತ ಮೊದಲೇ ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಬಿದ್ದಿರಬೇಕು.